ಪೆನಾಲ್ಟಿ ಕಾರ್ನರ್ ಸಿಗುತ್ತಿದೆ, ಗೋಲು ಬರುತ್ತಿಲ್ಲ: ದೋಷ ಎಲ್ಲಿದೆ?

ಹಾಕಿ ಪಂದ್ಯದ ಸ್ಕೋರ್ ಶೀಟಿನಲ್ಲಿ ನಮ್ಮ ಹೆಸರಿನ ಮುಂದೆ ಪೆನಾಲ್ಟಿ ಕಾರ್ನರ್ (ಗೋಲಿನ ಹತ್ತಿರ ಎದುರಿನವರು ತಪ್ಪು ಮಾಡಿದಾಗ ಸಿಗುವ ಅವಕಾಶ) ಏಳು, ಗೋಲು ಸೊನ್ನೆ. ಎದುರಿನವರಿಗೆ ಸಿಕ್ಕಿದ್ದು ಎರಡೇ. ಅದರಲ್ಲೊಂದು ಒಳಗೆ ಹೋಯಿತು, ಅದರ ಜೊತೆ ಪಂದ್ಯವೂ ಹೋಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರ ಕಣ್ಣೂ ಫ್ಲಿಕರ್ ಹುಡುಗನ ಮೇಲೇ, ಅಂದರೆ ಕಾರ್ನರಿನ ಚೆಂಡನ್ನು ಗೋಲಿಗೆ ಹೊಡೆಯುವವನ ಮೇಲೇ ಇತ್ತು. ಅವನು ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದ. ಮರುದಿನ ಬೆಳಗ್ಗೆ ಐದೂವರೆಗೇ ಮೈದಾನಕ್ಕೆ ಬಂದು ಒಬ್ಬನೇ ನೂರು ಫ್ಲಿಕ್ ಹೊಡೆದ. ನಾನು ನೋಡುತ್ತಾ ನಿಂತೆ, ತಡೆಯಲಿಲ್ಲ. ತಡೆಯಬೇಕಿತ್ತು.

ಆ ಸಂಜೆ ನನಗೆ ಪಂದ್ಯದ ವಿಡಿಯೋ ಸಿಕ್ಕಿತು. ಹುಡುಗನೊಬ್ಬನ ತಂದೆ ಗೋಲಿನ ಹಿಂದಿನ ಗ್ಯಾಲರಿಯಿಂದ ಫೋನಿನಲ್ಲಿ ತೆಗೆದದ್ದು. ಏಳು ಕಾರ್ನರುಗಳನ್ನೂ ನಿಧಾನಗತಿಯಲ್ಲಿ ಓಡಿಸಿ ನೋಡಿದೆ. ಐದರಲ್ಲಿ ಫ್ಲಿಕರ್ ಚೆಂಡಿನ ಹತ್ತಿರ ತಲುಪಿದಾಗ ಚೆಂಡು ಇನ್ನೂ ಅಲುಗಾಡುತ್ತಿತ್ತು. ಒಂದರಲ್ಲಿ ಫ್ಲಿಕರ್‌ಗಾಗಿ ಚೆಂಡು ನಿಲ್ಲಿಸಿಕೊಡುವ ಸ್ಟಾಪರ್ ನಿಂತ ಜಾಗಕ್ಕೆ ಚೆಂಡು ಬಂದೇ ಇರಲಿಲ್ಲ. ಫ್ಲಿಕರ್‌ನಿಂದಲೇ ಕೆಟ್ಟದ್ದು ಏಳರಲ್ಲಿ ಒಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂತಾರಲ್ಲ, ನಾವೆಲ್ಲ ಸೇರಿ ಮಾಡಿದ್ದು ಅದನ್ನೇ.

ಅಂದಿನಿಂದ ಕಾರ್ನರ್ ಗೋಲಾಗದಿದ್ದರೆ ನಾನು ಕೊನೆಯಿಂದ ನೋಡುವುದಿಲ್ಲ, ಮೊದಲಿನಿಂದ ನೋಡುತ್ತೇನೆ. ಬ್ಯಾಕ್‌ಲೈನಿನಿಂದ, ಅಂದರೆ ಗೋಲಿರುವ ಬದಿಯ ಗಡಿಗೆರೆಯಿಂದ, ಚೆಂಡು ಹೊರಟ ಕ್ಷಣದಿಂದ ಶುರು. ಪುಷ್ (ಆ ಗೆರೆಯಿಂದ ಚೆಂಡು ತಳ್ಳುವುದು), ಸ್ಟಾಪ್, ಫ್ಲಿಕ್, ರಿಬೌಂಡ್ (ತಡೆದ ಮೇಲೆ ವಾಪಸ್ ಬರುವ ಚೆಂಡು) ಈ ನಾಲ್ಕರಲ್ಲಿ ಮೊದಲು ಕೆಟ್ಟದ್ದು ಯಾವುದೋ ಅದೇ ದೋಷ. ಅದರ ನಂತರದ್ದೆಲ್ಲ ಅದರ ಪರಿಣಾಮ. ಶಾಲಾ ತಂಡ, ಕಾಲೇಜು ತಂಡ, ಊರ ಕ್ಲಬ್ಬು, ಕುಟುಂಬದ ತಂಡ ಯಾವುದನ್ನು ನೋಡಿಕೊಳ್ಳುತ್ತಿದ್ದರೂ ಈ ಕ್ರಮದಲ್ಲೇ ಹುಡುಕಿ ಎನ್ನುವುದು ನನ್ನ ಕೋರಿಕೆ.

ಮೊದಲು ಪುಸ್ತಕ, ಆಮೇಲೆ ಅಭ್ಯಾಸ

ಮುಂದಿನ ಮೂರು ಪಂದ್ಯ ಏನನ್ನೂ ಬದಲಿಸಬೇಡಿ. ಒಂದು ನೋಟ್ ಪುಸ್ತಕ ಇಟ್ಟುಕೊಂಡು, ಪ್ರತಿ ಕಾರ್ನರಿನಲ್ಲಿ ಚೆಂಡು ಸತ್ತದ್ದು ಎಲ್ಲಿ ಎಂದಷ್ಟೇ ಬರೆಯಿರಿ. ಸ್ಟಾಪರ್‌ಗೆ ಮುಟ್ಟುವ ಮೊದಲೇ? ಸ್ಟಾಪರ್ ಕೋಲಿನಲ್ಲಿ? ತಡೆಯಲು ಗೋಲಿನಿಂದ ಓಡಿಬರುವ ರಶರ್‌ನ ಕೋಲಿಗೋ ಕಾಲಿಗೋ ಬಡಿದು? ಕೀಪರ್ ಪ್ಯಾಡಿನಲ್ಲಿ? ಪೋಸ್ಟಿನ ಹತ್ತಿರ ನಿಂತವನ ಕೋಲಿನಲ್ಲಿ? ಗೋಲಿನ ಹೊರಗೆ? ಅಥವಾ ಅಂಪೈರ್ ಸೀಟಿಯಲ್ಲಿ?

ಇದನ್ನು ಆಡುವವರು ಬರೆಯಬಾರದು, ಬೆಂಚಿನಲ್ಲಿರುವವರು ಬರೆಯಬೇಕು. ಆಡಿದವರ ನೆನಪಿನಲ್ಲಿ ಉಳಿಯುವುದು ಕೊನೆಯ ದೃಶ್ಯ ಮಾತ್ರ. ಸಾಧ್ಯವಿದ್ದರೆ ಎರಡು ಫೋನ್ ಇಡಿ. ಒಂದು ಗೋಲಿನ ಹಿಂದೆ ಸ್ವಲ್ಪ ಎತ್ತರದಲ್ಲಿ, ಇನ್ನೊಂದು ಡಿ (ಗೋಲಿನ ಮುಂದಿನ ಅರೆವೃತ್ತ) ತುದಿಯ ನೇರಕ್ಕೆ ಸೈಡ್‌ಲೈನಿನಲ್ಲಿ. ಸೆಕೆಂಡಿಗೆ 60 ಫ್ರೇಮ್‌ನಲ್ಲಿ ತೆಗೆದರೆ ಆರು ಫ್ರೇಮ್ ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಬೇರೆ ಯಾವ ಉಪಕರಣವೂ ಬೇಡ.

ಒಳ್ಳೆಯ ತಂಡಗಳಿಗೂ ಎಲ್ಲ ಕಾರ್ನರ್ ಗೋಲಾಗುವುದಿಲ್ಲ ಎನ್ನುವುದು ನೆನಪಿರಲಿ. ಮೂರು-ನಾಲ್ಕಕ್ಕೆ ಒಂದು ಬಂದರೆ ಯಾವ ಕೋಚ್ ಕೂಡ ತೃಪ್ತಿಪಡುತ್ತಾನೆ. ದೇಶದ ತಂಡಕ್ಕೂ ಈ ಕಾಯಿಲೆ ತಪ್ಪಿಲ್ಲ. 2023ರ ಜನವರಿಯಲ್ಲಿ ಭುವನೇಶ್ವರದ ವಿಶ್ವಕಪ್ಪಿನಲ್ಲಿ ಭಾರತ ನ್ಯೂಜಿಲೆಂಡ್ ಜೊತೆ 3-3ಕ್ಕೆ ನಿಂತು ಶೂಟೌಟಿನಲ್ಲಿ ಸೋತು ಹೊರಬಿದ್ದಾಗ ಎಲ್ಲ ಕಡೆ ನಡೆದ ಚರ್ಚೆ ಕೈಬಿಟ್ಟ ಕಾರ್ನರುಗಳದ್ದೇ. ಅದೇ ತಂಡ 2024ರ ಆಗಸ್ಟಿನಲ್ಲಿ ಪ್ಯಾರಿಸ್‌ನಲ್ಲಿ ಸ್ಪೇನ್ ವಿರುದ್ಧ 2-1ರಿಂದ ಕಂಚು ಗೆದ್ದಾಗ ಎರಡೂ ಗೋಲು ಕಾರ್ನರಿನಿಂದ ಬಂದವು, ಎರಡೂ ಹರ್ಮನ್‌ಪ್ರೀತ್ ಸಿಂಗ್ ಕೋಲಿನಿಂದ. ಕಾಯಿಲೆಗೆ ಮದ್ದಿದೆ.

ಗಡಿಯಾರದ ಲೆಕ್ಕ

ಯಾಕೆ ಪುಷ್‌ನಿಂದಲೇ ಶುರುಮಾಡಬೇಕು ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಚೆಂಡು ಇಡುವುದು ಬ್ಯಾಕ್‌ಲೈನಿನ ಮೇಲೆ, ಗೋಲ್‌ಪೋಸ್ಟಿನಿಂದ ಕನಿಷ್ಠ 10 ಮೀಟರ್ ದೂರದಲ್ಲಿ. ಡಿಯ ಅಳತೆ 14.63 ಮೀಟರ್. ಅಲ್ಲಿಂದ ಡಿ ತುದಿಗೆ ಓರೆಯಾಗಿ ಅಳೆದರೆ ಚೆಂಡು ಸಾಗಬೇಕಾದ ದಾರಿ ಹತ್ತಿರ ಹತ್ತಿರ 19 ಮೀಟರ್. ಚೆಂಡು ಸೆಕೆಂಡಿಗೆ 14 ಮೀಟರ್ ವೇಗದಲ್ಲಿ ಹೋದರೆ 1.36 ಸೆಕೆಂಡಿಗೆ ತಲುಪುತ್ತದೆ. 11 ಮೀಟರ್ ವೇಗದಲ್ಲಿ ಹೋದರೆ 1.73 ಸೆಕೆಂಡು. ವ್ಯತ್ಯಾಸ ಸೆಕೆಂಡಿನ ಮೂರನೇ ಒಂದು ಭಾಗದಷ್ಟು.

ಆ ಹೊತ್ತಿಗೆ ಗೋಲಿನಿಂದ ಓಡಿಬರುವ ಮೊದಲ ರಶರ್ ಪೂರ್ತಿ ವೇಗ ಹಿಡಿದಿರುತ್ತಾನೆ. ಸೆಕೆಂಡಿಗೆ ಆರು ಮೀಟರ್ ಎಂದಿಟ್ಟುಕೊಂಡರೂ ನಿಮ್ಮ ನಿಧಾನದ ಪುಷ್ ಅವನಿಗೆ ಎರಡು ಮೀಟರ್ ಬಿಟ್ಟುಕೊಟ್ಟಿತು. ಎರಡು ಮೀಟರ್ ಅಂದರೆ ಚೆಂಡು ಅವನ ಪಕ್ಕದಲ್ಲಿ ಹಾದುಹೋಗುವುದಕ್ಕೂ ಅವನ ಕೋಲಿಗೆ ಬಡಿಯುವುದಕ್ಕೂ ಇರುವ ಅಂತರ. ನೋಟ್ ಪುಸ್ತಕದಲ್ಲಿ 'ರಶರ್‌ಗೆ ಬಡಿಯಿತು' ಎಂದು ಮತ್ತೆ ಮತ್ತೆ ಬರುತ್ತಿದ್ದರೆ ಫ್ಲಿಕ್ ಬದಲಿಸಲು ಹೋಗಬೇಡಿ. ಮೊದಲು ಪುಷ್‌ನಿಂದ ಫ್ಲಿಕ್‌ವರೆಗಿನ ಸಮಯ ಎಣಿಸಿ. ಚೆಂಡು ಬ್ಯಾಕ್‌ಲೈನ್ ಬಿಟ್ಟ ಫ್ರೇಮಿನಿಂದ ಫ್ಲಿಕರ್ ಕೋಲು ಬಿಟ್ಟ ಫ್ರೇಮಿನವರೆಗೆ ಎರಡು ಸೆಕೆಂಡು ದಾಟುತ್ತಿದೆಯೇ? ಹಾಗಾದರೆ ಎಷ್ಟು ಒಳ್ಳೆಯ ಫ್ಲಿಕ್ ಆದರೂ ಗೋಡೆಗೆ ಹೊಡೆದಂತೆಯೇ.

ಪುಷ್

ಅಭ್ಯಾಸಕ್ಕೆ ಪುಷರ್ ಒಬ್ಬನನ್ನೇ ಕರೆಯಿರಿ. ಡಿ ತುದಿಯಲ್ಲಿ ಒಂದು ಕೋಲು ಉದ್ದದ ಅಂತರದಲ್ಲಿ ಎರಡು ಕೋನ್ ಇಡಿ. ಹತ್ತು ಚೆಂಡು. ಹತ್ತರಲ್ಲಿ ಒಂಬತ್ತು ನಡುವೆ ಹೋಗಬೇಕು, ಹೋದದ್ದೆಲ್ಲ ನೆಲಕ್ಕೆ ಅಂಟಿಕೊಂಡು ಹೋಗಬೇಕು. ಆರೇಳು ಹೋದರೆ ನಿಮ್ಮ ದೋಷ ಸಿಕ್ಕಿತು, ಮುಂದೆ ಓದುವ ಮೊದಲು ಇದನ್ನು ಸರಿಮಾಡಿ.

ಚೆಂಡು ಕುಪ್ಪಳಿಸುತ್ತಾ ಹೋಗುತ್ತಿದ್ದರೆ ಬಹುಪಾಲು ಕಾರಣ ಪುಷರ್ ಬೇಗ ಎದ್ದುಬಿಡುವುದು. ಚೆಂಡು ಕೋಲು ಬಿಡುವವರೆಗೆ ಸೊಂಟ ಕೆಳಗಿರಬೇಕು, ಕೆಳಗಿನ ಕೈಯ ಗೆಣ್ಣು ಹೆಚ್ಚುಕಡಿಮೆ ಟರ್ಫ್ ಸವರಬೇಕು. ಚೆಂಡನ್ನು ಹೊಡೆಯಬಾರದು, ಹಿಂದಿನಿಂದ ಎಳೆದು ತಂದು ಬಿಡಬೇಕು. ಕೋಲು ಗುರಿಯ ಕಡೆಗೇ ಕೊನೆಯವರೆಗೆ ತೋರಿಸುತ್ತಾ ಹೋಗಬೇಕು. ಚೆಂಡು ಒಂದೇ ಬದಿಗೆ ತಪ್ಪುತ್ತಿದ್ದರೆ ಮುಂದಿನ ಪಾದ ಎತ್ತ ತಿರುಗಿದೆ ನೋಡಿ, ಅದೇ ಕಡೆ ಚೆಂಡೂ ಹೋಗುತ್ತಿರುತ್ತದೆ. ಒಂದು ಪಾದವಾದರೂ ಮೈದಾನದ ಹೊರಗಿರಬೇಕು ಎಂಬ ನಿಯಮದಿಂದಾಗಿ ಹುಡುಗರು ಎರಡೂ ಪಾದ ಹೊರಗೇ ಇಟ್ಟುಕೊಂಡು ಮುದುಡಿಕೊಂಡು ತಳ್ಳುತ್ತಾರೆ. ಒಂದು ಹೊರಗಿದ್ದರೆ ಸಾಕು. ಇನ್ನೊಂದನ್ನು ಧಾರಾಳವಾಗಿ ಮುಂದೆ ಹಾಕಿಸಿ, ವೇಗ ತಾನೇ ಬರುತ್ತದೆ.

ಸ್ಟಾಪ್

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕಾಲೇಜಿನ ದಿನಗಳಿಂದಲೂ ನಾನು ಸ್ಟಾಪರ್. ಚಪ್ಪಾಳೆ ಸಿಗದ ಕೆಲಸ ಇದು. ಗೋಲಾದರೆ ಎಲ್ಲರೂ ಫ್ಲಿಕರ್ ಮೇಲೆ ಬೀಳುತ್ತಾರೆ, ಸ್ಟಾಪರ್ ಮಂಡಿ ಒರೆಸಿಕೊಂಡು ಏಳುತ್ತಾನೆ. ಆದರೆ ಕೆಟ್ಟುಹೋದ ಕಾರ್ನರುಗಳನ್ನು ನಾನು ಬರೆದಿಟ್ಟುಕೊಂಡಷ್ಟರಲ್ಲಿ ಅತಿ ಹೆಚ್ಚು ಕೆಟ್ಟದ್ದು ಇದೇ ಒಂದೂವರೆ ಅಡಿ ಜಾಗದಲ್ಲಿ.

ಮೊದಲು ಜಾಗ. ಚೆಂಡು ಡಿಯಿಂದ ಪೂರ್ತಿ ಹೊರಗೆ ಹೋಗಿ ಬಂದ ಮೇಲಷ್ಟೇ ಗೋಲು ಲೆಕ್ಕಕ್ಕೆ ಬರುತ್ತದೆ. ಗೆರೆಯೂ ಡಿಯ ಭಾಗವೇ, ಗೆರೆ ಮೇಲೆ ನಿಂತ ಚೆಂಡು ಹೊರಗೆ ಹೋಗಿಲ್ಲ. ಹಾಗೆಂದು ಭಯದಿಂದ ಒಂದೂವರೆ ಮೀಟರ್ ಆಚೆ ನಿಲ್ಲಿಸಿದರೆ ಫ್ಲಿಕರ್ ಎಳೆದ ಚೆಂಡು ಡಿಯೊಳಗೆ ಬರುವ ಮೊದಲೇ ಕೋಲು ಬಿಟ್ಟುಹೋಗುವ ಅಪಾಯವಿದೆ, ಆಗಲೂ ಗೋಲಿಲ್ಲ. ನಾನು ಹೇಳಿಕೊಡುವುದು ಗೆರೆಯ ಹೊರ ಅಂಚಿನಿಂದ ಒಂದು ಒಂದೂವರೆ ಅಡಿ. ಪ್ರತಿ ಸಲ ಅದೇ ಜಾಗ. ಅಭ್ಯಾಸದಲ್ಲಿ ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಚೆಂಡಿನಷ್ಟೇ ದೊಡ್ಡ ಸೊನ್ನೆ ಬರೆಯುತ್ತೇನೆ. ಚೆಂಡು ನಿಂತದ್ದು ಸೊನ್ನೆಯೊಳಗೋ ಹೊರಗೋ, ಅಷ್ಟೇ ಪ್ರಶ್ನೆ.

ಇನ್ನು ಕೋಲು. ವಿಡಿಯೋ ನಿಲ್ಲಿಸಿ ನೋಡಿದರೆ ಎರಡು ತಪ್ಪು ಪದೇಪದೇ ಕಾಣುತ್ತವೆ. ಒಂದು, ಕೋಲು ನೆಲಕ್ಕೆ ಪೂರ್ತಿ ಮಲಗಿರುವುದಿಲ್ಲ. ಹಿಡಿಯ ಕಡೆ ಎರಡು ಬೆರಳಿನಷ್ಟು ಸಂದು ಇರುತ್ತದೆ, ಜೋರಾಗಿ ಬಂದ ಚೆಂಡು ಅಲ್ಲಿ ನುಸುಳುತ್ತದೆ ಅಥವಾ ಹತ್ತಿ ಕೂರುತ್ತದೆ. ಎರಡನೆಯದು ಕೈಯ ಬಿಗಿ. ಕಲ್ಲು ಹಿಡಿದಂತೆ ಹಿಡಿದರೆ ಚೆಂಡು ಬಡಿದು ವಾಪಸ್ ಪುಟಿಯುತ್ತದೆ. ಕೋಲನ್ನು ಚೆಂಡಿನ ಕಡೆಗೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಮುಟ್ಟುವ ಕ್ಷಣದಲ್ಲಿ ಕೈ ಒಂದಿಷ್ಟು ಹಿಂದೆ ಬರಲು ಬಿಟ್ಟರೆ ಚೆಂಡು ಕೋಲಿನ ಕೆಳಗೇ ಸಾಯುತ್ತದೆ. ಮೊಟ್ಟೆ ಎಸೆದರೆ ಒಡೆಯದ ಹಾಗೆ ಹಿಡಿಯುತ್ತೀರಲ್ಲ, ಹಾಗೆ ಎಂದು ಹುಡುಗರಿಗೆ ಹೇಳುತ್ತೇನೆ.

ಏಳು ಕಾರ್ನರ್ ಕಳೆದುಕೊಂಡ ಆ ತಂಡದ ಸ್ಟಾಪರ್ ಜೊತೆ ಒಂದು ಸಂಜೆ ಕೂತೆ. ಪಿಯುಸಿ ಓದುವ ಹುಡುಗ, ಕೈ ಬಹಳ ಒಳ್ಳೆಯದು. ಹತ್ತು ಚೆಂಡು ನಿಲ್ಲಿಸಿದ, ಹತ್ತೂ ಸೊನ್ನೆಯೊಳಗೆ.

"ಪಂದ್ಯದಲ್ಲಿ ಏನಾಗ್ತದೆ ಮಗ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಸಾರ್, ಚೆಂಡು ಬರೋ ಹೊತ್ತಿಗೆ ರಶರ್ ಕಾಲು ಕಾಣ್ತದೆ. ಕಣ್ಣು ಆ ಕಡೆ ಹೋಗ್ತದೆ."

ಅಭ್ಯಾಸದಲ್ಲಿ ನಾವು ಯಾವತ್ತೂ ರಶರ್‌ನನ್ನು ಓಡಿಸಿರಲೇ ಇಲ್ಲ. ಖಾಲಿ ಗೋಲಿನ ಎದುರು ಚೆಂಡು ನಿಲ್ಲಿಸಿ, ಖಾಲಿ ಗೋಲಿಗೆ ಫ್ಲಿಕ್ ಹೊಡೆದು, ನೂರಕ್ಕೆ ತೊಂಬತ್ತು ಬಂತೆಂದು ಖುಷಿಪಟ್ಟಿದ್ದೆವು. ಮರುದಿನದಿಂದ ಪ್ರತಿ ಪುಷ್‌ಗೂ ಒಬ್ಬ ಗೋಲಿನಿಂದ ಓಡಿಬರತೊಡಗಿದ. ಮೊದಲ ದಿನ ಹತ್ತರಲ್ಲಿ ನಾಲ್ಕು ನಿಂತವು. ಅದೇ ನಮ್ಮ ನಿಜವಾದ ಅಂಕಿ.

ಒಂದು ಎಚ್ಚರಿಕೆಯನ್ನು ಕೈಮುಗಿದು ಹೇಳುತ್ತೇನೆ. ರಶರ್ ಓಡುವ ಅಭ್ಯಾಸದಲ್ಲಿ ಫೇಸ್ ಮಾಸ್ಕ್, ಕೈಗವಸು, ಮಂಡಿಗೆ ಪ್ಯಾಡು, ಗಾರ್ಡು ಇಲ್ಲದೆ ಯಾರನ್ನೂ ಗೋಲಿನಿಂದ ಹೊರಗೆ ಓಡಿಸಬೇಡಿ. ಸಾಮಾನು ಇಲ್ಲದಿದ್ದರೆ ಸ್ಟಾಪ್ ಆದ ಕೂಡಲೇ ಅಭ್ಯಾಸ ನಿಲ್ಲಿಸಿ, ಫ್ಲಿಕ್ ಬೇಡ. ಗಂಟೆಗೆ 100 ಕಿಲೋಮೀಟರ್ ಆಸುಪಾಸಿನಲ್ಲಿ ಬರುವ ಚೆಂಡು ಅದು.

ನೆಲ

ಸ್ಟಾಪ್ ಕೆಡುವುದಕ್ಕೆ ಕೈ ಕಾರಣವಲ್ಲದಿದ್ದರೆ ನೆಲ ಕಾರಣ. ನೀರು ಹಾಕಿದ ಟರ್ಫ್ ಮೊದಲ ಕ್ವಾರ್ಟರಿನಲ್ಲಿ ಒಂದು ರೀತಿ, ಬಿಸಿಲಿಗೆ ಒಣಗಿದ ನಾಲ್ಕನೆಯದರಲ್ಲಿ ಇನ್ನೊಂದು ರೀತಿ. ಒಣಗಿದ ಮೇಲೆ ಚೆಂಡು ನಿಧಾನವಾಗುತ್ತದೆ, ಪುಟಿಯುತ್ತದೆ. 'ಮೊದಲಾರ್ಧದ ಕಾರ್ನರುಗಳು ಚೆನ್ನಾಗಿವೆ, ಕೊನೆಯವು ಕೆಡುತ್ತಿವೆ' ಎಂಬ ಲಕ್ಷಣ ಕಂಡರೆ ಆಯಾಸವನ್ನು ದೂರುವ ಮೊದಲು ಇದನ್ನು ನೋಡಿ. ಪಂದ್ಯಕ್ಕೆ ಮುಂಚೆ ಎರಡೂ ಬದಿಯ ಡಿ ತುದಿಯಲ್ಲಿ ನಾಲ್ಕು ನಾಲ್ಕು ಚೆಂಡು ಪುಷ್ ಮಾಡಿ ನೋಡುವುದನ್ನು ನಿಯಮ ಮಾಡಿಕೊಳ್ಳಿ. ಹಳೆಯ ಟರ್ಫ್‌ಗಳಲ್ಲಿ ಎಲ್ಲರೂ ಅದೇ ಜಾಗದಲ್ಲಿ ಎಳೆದೆಳೆದು ಕಾರ್ಪೆಟ್ ಸವೆದಿರುತ್ತದೆ. ಅಂಥಲ್ಲಿ ಸ್ಟಾಪ್ ಜಾಗವನ್ನು ಅರ್ಧ ಮೀಟರ್ ಪಕ್ಕಕ್ಕೆ ಸರಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಹುಲ್ಲು-ಮಣ್ಣಿನ ಮೈದಾನದ ಮಾತೇ ಬೇರೆ. 1997ರಲ್ಲಿ ಕೊಡಗಿನ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕೌಟುಂಬಿಕ ಹಾಕಿಯಂಥ ಬೇಸಿಗೆ ಪಂದ್ಯಾವಳಿಗಳಲ್ಲಿ ಏಪ್ರಿಲ್ ಬಿಸಿಲಿಗೆ ನೆಲ ಗಟ್ಟಿಯಾಗಿರುತ್ತದೆ, ಒಂದು ಮಳೆ ಬಿದ್ದರೆ ಕೆಸರಾಗುತ್ತದೆ. ಅಲ್ಲಿ ಟರ್ಫಿನ ಡ್ರ್ಯಾಗ್ ಫ್ಲಿಕ್‌ಗೆ (ಚೆಂಡನ್ನು ಕೋಲಿನಲ್ಲಿ ಎಳೆದು ಎಸೆಯುವುದಕ್ಕೆ) ಹಟ ಹಿಡಿಯುವುದು ವ್ಯರ್ಥ. ಎಳೆಯುವಾಗಲೇ ಚೆಂಡು ಕೋಲಿನಿಂದ ಹಾರಿಹೋಗುತ್ತದೆ. ನಿಲ್ಲಿಸಿದ ಚೆಂಡಿಗೆ ಹಳೆಯ ಕಾಲದ ನೇರ ಹಿಟ್ಟೇ ಅಲ್ಲಿ ಸರಿ. ಆದರೆ ಹಿಟ್‌ಗೆ ನಿಯಮ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಫ್ಲಿಕ್

ಪುಷ್ ವೇಗವಾಗಿದೆ, ಸ್ಟಾಪ್ ಸೊನ್ನೆಯೊಳಗಿದೆ, ಆದರೂ ಗೋಲಿಲ್ಲ. ಈಗ ಫ್ಲಿಕರ್ ಬಳಿ ಹೋಗಬಹುದು.

ನೋಡಬೇಕಾದ ಮೊದಲ ಸಂಗತಿ ಹೆಜ್ಜೆ. ಕೊನೆಯ ಹೆಜ್ಜೆಯಲ್ಲಿ ಎಡಪಾದ ಚೆಂಡಿಗಿಂತ ಸಾಕಷ್ಟು ಮುಂದೆ ಹೋಗಿ ಊರಬೇಕು, ಚೆಂಡು ಹಿಂದಿನ ಕಾಲಿನ ಬಳಿ ಕೋಲಿಗೆ ಹತ್ತಬೇಕು. ಆಗ ಚೆಂಡು ಕೋಲಿನ ಮೇಲೆ ಉದ್ದ ದಾರಿ ಸಾಗುತ್ತದೆ, ಆ ಉದ್ದವೇ ವೇಗ. ವಿಡಿಯೋದಲ್ಲಿ ಎಡಪಾದ ಚೆಂಡಿನ ಪಕ್ಕದಲ್ಲೇ ಊರುತ್ತಿದ್ದರೆ ಅದು ಡ್ರ್ಯಾಗ್ ಫ್ಲಿಕ್ ಅಲ್ಲ, ಬರೀ ಕೈಬಲದ ಎತ್ತು. ಚೆಂಡು ಮೇಲೆ ಹೋಗುತ್ತದೆ, ವೇಗ ಇರುವುದಿಲ್ಲ, ಕೀಪರ್ ಆರಾಮಾಗಿ ಹಿಡಿಯುತ್ತಾನೆ. ಇದಕ್ಕೆ ಕಾರಣ ಬಹಳ ಸಲ ಮನಸ್ಸು. ಚೆಂಡು ನಿಲ್ಲುತ್ತದೋ ಇಲ್ಲವೋ ಎಂಬ ಅನುಮಾನದಲ್ಲಿ ಫ್ಲಿಕರ್ ಓಟವನ್ನು ಅರ್ಧ ಹೆಜ್ಜೆ ತಡೆದು ನೋಡುತ್ತಾನೆ, ಆಮೇಲೆ ಅವಸರದಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ. ನಮ್ಮ ಹುಡುಗನದ್ದು ಇದೇ. ಸ್ಟಾಪ್ ನಂಬಿಕೆಗೆ ಬಂದ ಎರಡು ವಾರಕ್ಕೆ ಅವನ ಹೆಜ್ಜೆ ತಾನಾಗಿ ಉದ್ದವಾಯಿತು, ನಾನು ಒಂದು ಮಾತೂ ಹೇಳಬೇಕಾಗಲಿಲ್ಲ.

ಎರಡನೆಯದು ಎತ್ತರ. ಸೊಂಟ ಮೇಲಿದ್ದರೆ ಚೆಂಡು ಕ್ರಾಸ್‌ಬಾರ್ ಮೇಲೆ ಹೋಗುತ್ತದೆ. ಗೋಲಿನ ಎತ್ತರ 2.14 ಮೀಟರ್, ಅಗಲ 3.66. ಹುಡುಗರಿಗೆಲ್ಲ ಮೇಲಿನ ಮೂಲೆಯೇ ಆಸೆ, ಫೋಟೋ ಚೆನ್ನಾಗಿ ಬರುತ್ತದೆ. ಆದರೆ ನಮ್ಮ ಮಟ್ಟದ ಕೀಪರ್‌ಗಳಿಗೆ ಕಷ್ಟವಾಗುವುದು ಕಾಲಿನ ಪಕ್ಕದಲ್ಲಿ ನೆಲಮಟ್ಟದಲ್ಲಿ ಬರುವ ಚೆಂಡು ಮತ್ತು ಪ್ಯಾಡಿಗೂ ಗ್ಲೌಸಿಗೂ ನಡುವೆ ಮಂಡಿ ಮೇಲಿನ ಎತ್ತರದ್ದು. ಗೋಲಿನ ಬುಡದ ಹಲಗೆಯ, ಅಂದರೆ ಬ್ಯಾಕ್‌ಬೋರ್ಡಿನ, ಸದ್ದು ಕೇಳುವ ಗೋಲುಗಳೇ ನನಗೆ ಇಷ್ಟ.

ಕೋಲನ್ನೂ ಒಮ್ಮೆ ನೋಡಿ. ಡ್ರ್ಯಾಗ್ ಫ್ಲಿಕ್‌ಗೆ ತಲೆಯ ಹತ್ತಿರ ಬಾಗು ಇರುವ ಲೋ ಬೋ ಕೋಲು ಅನುಕೂಲ, ಬಾಗು 25 ಮಿಲಿಮೀಟರ್ ದಾಟುವಂತಿಲ್ಲ. ಆದರೆ ಹೊಸ ಕೋಲು ತಂದುಕೊಟ್ಟರೆ ಗೋಲು ಬರುತ್ತದೆ ಎಂದು ಅಪ್ಪ ಅಮ್ಮನಿಗೆ ಖರ್ಚು ಹಚ್ಚಬೇಡಿ. ಹೆಜ್ಜೆ ಸರಿಯಾದ ಮೇಲೆ ಅದರ ಮಾತು.

ಮತ್ತೆ ಆ ಬೆಳಗಿನ ನೂರು ಫ್ಲಿಕ್. ಈ ಹೊಡೆತದಲ್ಲಿ ಸೊಂಟ, ಕೆಳಬೆನ್ನು, ಎಡ ಮಂಡಿ ಎಲ್ಲದರ ಮೇಲೂ ತಿರುಚುವ ಭಾರ ಬೀಳುತ್ತದೆ. ಬೆಳೆಯುವ ವಯಸ್ಸಿನ ಹುಡುಗರಿಗೆ ಇದು ಆಟವಲ್ಲ. ಒಂದು ಅಭ್ಯಾಸಕ್ಕೆ ಮೂವತ್ತಕ್ಕಿಂತ ಹೆಚ್ಚು ಪೂರ್ಣ ವೇಗದ ಫ್ಲಿಕ್ ನಾನೀಗ ಬಿಡುವುದಿಲ್ಲ. ಬೆನ್ನು ಹಿಡಿದಿದೆ ಎಂದ ದಿನ ಒಂದೂ ಇಲ್ಲ. ನಮ್ಮ ಕೊಡಗಿನಿಂದಲೇ ಹೋಗಿ ಲಂಡನ್, ರಿಯೋ ಎರಡು ಒಲಿಂಪಿಕ್ಸ್ ಆಡಿದ ವಿ.ಆರ್. ರಘುನಾಥ್ ಅವರಂತೆ ಫುಲ್‌ಬ್ಯಾಕ್ ಆಗಿ ಡಿಫೆನ್ಸ್ ಹೊತ್ತುಕೊಂಡೇ ಫ್ಲಿಕ್ ಮಾಡಬೇಕಾದರೆ ಮೈ ವರ್ಷಾನುಗಟ್ಟಲೆ ಬಾಳಬೇಕು.

ಎದುರಾಳಿ ಓದಿಬಿಟ್ಟಿದ್ದಾನೆ

ಎಲ್ಲವೂ ಸರಿಯಿದ್ದೂ ಟೂರ್ನಿಯ ಮೊದಲ ಎರಡು ಪಂದ್ಯದಲ್ಲಿ ಗೋಲು ಬಂದು ಆಮೇಲೆ ನಿಂತುಹೋದರೆ ನಿಮ್ಮನ್ನು ಯಾರೋ ಓದಿದ್ದಾರೆ. ಮೊದಲ ರಶರ್ ತನ್ನ ಓಟದ ದಾರಿಯಿಂದಲೇ ಗೋಲಿನ ಒಂದು ಬದಿ ಮುಚ್ಚುತ್ತಾನೆ, ಕೀಪರ್ ಇನ್ನೊಂದು ಬದಿಗೆ ವಾಲುತ್ತಾನೆ. ಫ್ಲಿಕರ್ ಯಾವಾಗಲೂ ಒಂದೇ ಮೂಲೆಗೆ ಹೊಡೆಯುವವನಾದರೆ ಅವರಿಗೆ ಕೆಲಸವೇ ಇಲ್ಲ. ನೋಟ್ ಪುಸ್ತಕದಲ್ಲಿ ಗೋಲಿನ ಚಿತ್ರ ಬರೆದು ಪ್ರತಿ ಫ್ಲಿಕ್‌ಗೆ ಒಂದು ಚುಕ್ಕಿ ಇಡಿ. ಚುಕ್ಕಿಗಳು ಒಂದೇ ಕಡೆ ಗುಂಪಾಗಿದ್ದರೆ ಉತ್ತರ ಅಲ್ಲೇ ಇದೆ.

ವೇರಿಯೇಷನ್ ಬೇಕು, ಆದರೆ ಹತ್ತು ಬೇಡ. ಪುಷರ್‌ಗೇ ವಾಪಸ್ ಕೊಟ್ಟು ಹತ್ತಿರದ ಪೋಸ್ಟಿನಲ್ಲಿ ತಿರುಗಿಸುವುದು ಒಂದು, ಪಕ್ಕಕ್ಕೆ ಸರಿಸಿ ಎರಡನೆಯವನು ಹೊಡೆಯುವುದು ಒಂದು. ಎರಡನ್ನು ಕಣ್ಣುಮುಚ್ಚಿ ಮಾಡುವಷ್ಟು ಪಕ್ಕಾ ಮಾಡಿಕೊಳ್ಳಿ. ಆ ಎರಡಕ್ಕೂ ನಿಮ್ಮವರು ನಿಲ್ಲುವ ರೀತಿ ನೇರ ಫ್ಲಿಕ್‌ಗೆ ನಿಂತ ಹಾಗೆಯೇ ಇರಬೇಕು. ನಮ್ಮಲ್ಲಿ ಒಬ್ಬ ಹುಡುಗ ವೇರಿಯೇಷನ್ ಕರೆದಾಗ ಮಾತ್ರ ಕೋಲನ್ನು ಎರಡು ಸಲ ನೆಲಕ್ಕೆ ತಟ್ಟುತ್ತಿದ್ದ. ಅವನಿಗೆ ಗೊತ್ತೇ ಇರಲಿಲ್ಲ. ಎದುರಿನ ಕೀಪರ್‌ಗೆ ಗೊತ್ತಿತ್ತು, ಪಂದ್ಯ ಮುಗಿದ ಮೇಲೆ ಬಂದು ಪ್ರೀತಿಯಿಂದ ಹೇಳಿಹೋದ.

ಕೊಡಗಿನ ತಂಡಗಳಿಗೆ ಇನ್ನೊಂದು ಮಾತು. ಕೂಗಿ ಹೇಳುವುದನ್ನು ಕೊಡವ ತಕ್ಕಿನಲ್ಲಿ (ಕೊಡವರ ಭಾಷೆಯಲ್ಲಿ) ಹೇಳಿದರೆ ಬೆಂಗಳೂರಿನ ತಂಡಕ್ಕೆ ಅರ್ಥವಾಗದು ಎಂದುಕೊಳ್ಳಬೇಡಿ. ಕರ್ನಾಟಕದ ಯಾವ ಹಾಕಿ ತಂಡದಲ್ಲೂ ಒಬ್ಬನಾದರೂ ನಮ್ಮವನಿರುತ್ತಾನೆ. ಕೈಸನ್ನೆ ಇಟ್ಟುಕೊಳ್ಳಿ.

ರಿಬೌಂಡ್

ಪುಸ್ತಕದಲ್ಲಿ 'ಕೀಪರ್ ಪ್ಯಾಡು' ಎಂದು ಹೆಚ್ಚು ಬರುತ್ತಿದ್ದರೆ ನಿಮ್ಮ ಫ್ಲಿಕ್ ಕೆಟ್ಟಿಲ್ಲ, ಆಮೇಲಿನ ಕೆಲಸ ಆಗುತ್ತಿಲ್ಲ. ಫ್ಲಿಕ್ ಹೋದ ಕ್ಷಣದಲ್ಲಿ ವಿಡಿಯೋ ನಿಲ್ಲಿಸಿ. ನಿಮ್ಮ ಆಟಗಾರರಲ್ಲಿ ಎಷ್ಟು ಜನ ಓಡುತ್ತಿದ್ದಾರೆ, ಎಷ್ಟು ಜನ ನಿಂತು ನೋಡುತ್ತಿದ್ದಾರೆ? ಮೊದಲ ಸಲ ಎಣಿಸಿದಾಗ ನಮ್ಮವರಲ್ಲಿ ಓಡುತ್ತಿದ್ದವನು ಒಬ್ಬ.

2021ರ ಆಗಸ್ಟ್ 5ರಂದು ಟೋಕಿಯೋದಲ್ಲಿ ಜರ್ಮನಿ ವಿರುದ್ಧದ ಕಂಚಿನ ಪಂದ್ಯ ಹುಡುಗರಿಗೆ ತೋರಿಸಿ. ಭಾರತ 1-3ರಲ್ಲಿ ಹಿಂದಿತ್ತು. ಹರ್ಮನ್‌ಪ್ರೀತ್ ಫ್ಲಿಕ್ಕನ್ನು ಕೀಪರ್ ತಡೆದ, ವಾಪಸ್ ಬಂದ ಚೆಂಡಿಗೆ ಹಾರ್ದಿಕ್ ಸಿಂಗ್ ಅಲ್ಲಿದ್ದ. ಅಲ್ಲಿಂದ ಪಂದ್ಯ ತಿರುಗಿ 5-4ಕ್ಕೆ ಮುಗಿಯಿತು. ಗೋಲಾದದ್ದು ಫ್ಲಿಕ್‌ನಿಂದಲ್ಲ, ಅವನು ಅಲ್ಲಿದ್ದುದರಿಂದ.

ಪುಷರ್ ಚೆಂಡು ಬಿಟ್ಟ ಕೂಡಲೇ ಹತ್ತಿರದ ಪೋಸ್ಟಿಗೆ ಓಡಬೇಕು. ಡಿ ಬದಿಯಲ್ಲಿರುವವರಲ್ಲಿ ಒಬ್ಬ ದೂರದ ಪೋಸ್ಟಿಗೆ, ಇನ್ನೊಬ್ಬ ಕೀಪರ್ ಮುಂದೆ ಪೆನಾಲ್ಟಿ ಸ್ಪಾಟ್ ಹತ್ತಿರ. ಕೋಲು ನೆಲಕ್ಕೆ ತಾಗಿರಬೇಕು. ಸ್ಟಾಪರ್ ಮತ್ತು ಇನ್ನೊಬ್ಬ ಹಿಂದೆ ಉಳಿಯಬೇಕು, ಇಲ್ಲದಿದ್ದರೆ ಎದುರಿನವರ ಓಡುವ ಕಾಲಿಗೆ ಸಿಕ್ಕಿ ನೀವೇ ಗೋಲು ತಿನ್ನುತ್ತೀರಿ.

ಸೀಟಿ

ನಿಯಮದಿಂದ ಕೈತಪ್ಪುವ ಗೋಲು ಎಲ್ಲಕ್ಕಿಂತ ಹೊಟ್ಟೆ ಉರಿಸುತ್ತದೆ. ಮೊದಲ ಹೊಡೆತ ಹಿಟ್ ಆದರೆ, ಕೋಲು ಸವರಿ ಬೀಸುವ ಸ್ಲ್ಯಾಪ್ ಕೂಡ ಹಿಟ್ಟೇ, ಚೆಂಡು ಗೋಲ್‌ಲೈನ್ ದಾಟುವಾಗ 460 ಮಿಲಿಮೀಟರ್ ಎತ್ತರ ಮೀರಬಾರದು, ಅಂದರೆ ಬ್ಯಾಕ್‌ಬೋರ್ಡಿನ ಎತ್ತರ. ಫ್ಲಿಕ್‌ಗೆ ಈ ಮಿತಿ ಇಲ್ಲ, ಅಪಾಯಕಾರಿ ಆಗದಿದ್ದರೆ ಸಾಕು. ಐದು ಮೀಟರ್ ಒಳಗಿರುವ ಡಿಫೆಂಡರ್‌ಗೆ ಮೊದಲ ಹೊಡೆತ ಮಂಡಿ ಕೆಳಗೆ ಬಡಿದರೆ ನಿಮಗೆ ಇನ್ನೊಂದು ಕಾರ್ನರ್. ಸಹಜವಾಗಿ ನಿಂತವನಿಗೆ ಮಂಡಿಗೋ ಅದರ ಮೇಲೋ ಬಡಿದರೆ ಅವರಿಗೆ ಫ್ರೀ ಹಿಟ್. ರಶರ್ ಹತ್ತಿರ ಬಂದಾಗ ಕೆಳಗೆ ಹೊಡೆಯುವುದು ಸುರಕ್ಷತೆಗೂ ಒಳ್ಳೆಯದು, ಲಾಭಕ್ಕೂ ಒಳ್ಳೆಯದು. ಪುಷ್ ಆಗುವ ಮೊದಲೇ ಡಿಯೊಳಗೆ ಕಾಲಿಡುವ ಅವಸರದ ಹುಡುಗ ಪ್ರತಿ ತಂಡದಲ್ಲೂ ಇರುತ್ತಾನೆ. ಅವನನ್ನು ಸೆಂಟರ್‌ಲೈನ್ ಆಚೆ ಕಳಿಸುತ್ತಾರೆ.

ಬೆಂಚು

ಇದು ಕೋಚಿನ ದೋಷ, ನನ್ನಿಂದಲೂ ಆಗಿದೆ. ಕಾರ್ನರ್ ಕೊಟ್ಟ ಕ್ಷಣದಿಂದ ಅದು ಮುಗಿಯುವವರೆಗೆ ಆಟಗಾರರನ್ನು ಬದಲಿಸುವಂತಿಲ್ಲ. ಗಾಯಗೊಂಡ ಅಥವಾ ಹೊರಹಾಕಲ್ಪಟ್ಟ ಕೀಪರ್‌ಗೆ ಮಾತ್ರ ವಿನಾಯಿತಿ. ನಿಮ್ಮ ಫ್ಲಿಕರ್ ನೀರು ಕುಡಿಯಲು ಬೆಂಚಿಗೆ ಬಂದಾಗ ಕಾರ್ನರ್ ಸಿಕ್ಕರೆ ಅವನು ಅಲ್ಲೇ ಕೂತು ನೋಡಬೇಕು. ಪುಷರ್, ಸ್ಟಾಪರ್, ಫ್ಲಿಕರ್ ಮೂವರನ್ನೂ ಒಂದು ಬ್ಯಾಟರಿ ಎಂದು ಲೆಕ್ಕ ಹಾಕಿ, ಪ್ರತಿಯೊಬ್ಬರಿಗೂ ಒಬ್ಬ ಬದಲಿ ತಯಾರಿಡಿ. ಸ್ಟಾಪರ್‌ಗೆ ಬದಲಿ ಇಲ್ಲದ ತಂಡಗಳನ್ನೇ ನಾನು ಹೆಚ್ಚು ನೋಡಿದ್ದು. ಒಬ್ಬ ಹೊರಗೆ ಬಂದರೆ ಮೂವರ ಕೆಲಸವೂ ಕೆಟ್ಟಿತು.

ಆ ಏಳು ಕಾರ್ನರಿನ ತಂಡ ಈಗಲೂ ನನ್ನ ಜೊತೆ ಇದೆ. ಪುಷ್‌ಗೆ ಮೂರು ವಾರ, ಸ್ಟಾಪ್‌ಗೆ ಆರು ವಾರ ಹಿಡಿಯಿತು. ಹೋದ ತಿಂಗಳು ಒಂದು ಪಂದ್ಯದಲ್ಲಿ ಮೂರನೇ ಕ್ವಾರ್ಟರಿನಲ್ಲಿ ಕಾರ್ನರ್ ಸಿಕ್ಕಿತು. ಚೆಂಡು ಬಂತು, ನಿಂತಿತು, ಹೋಯಿತು, ಬ್ಯಾಕ್‌ಬೋರ್ಡ್ ಸದ್ದು ಗ್ಯಾಲರಿವರೆಗೆ ಕೇಳಿತು. ಎಲ್ಲರೂ ಫ್ಲಿಕರ್ ಕಡೆಗೆ ಓಡಿದರು. ಫ್ಲಿಕರ್ ಮಾತ್ರ ಇತ್ತ ತಿರುಗಿ, ಇನ್ನೂ ಮಂಡಿಯೂರಿಕೊಂಡೇ ಇದ್ದ ಸ್ಟಾಪರ್‌ಗೆ ಕೈ ಕೊಟ್ಟು ಎಬ್ಬಿಸಿದ.